ಹಿಂದಿನ ಎಡಚಕ್ರ

ಚರ್ಮದ ಬಟ್ಟಲಿನ ಬಾಯಿ ಎಣ್ಣೆಯ ಕಡೆಗಿತ್ತೋ, ಈಚೆ ಕಡೆಗಿತ್ತೋ? ಸರಿಯಾಗಿಯೇ ಕೂರಿಸಿರಬೇಕು. ನೂರು ಸಲ ಮಾಡಿದ ಕೆಲಸ, ಕೈಗೆ ಕಣ್ಣು ಬೇಕಿರಲಿಲ್ಲ. ಆದರೆ ಅಂದು ಕರೆಂಟು ಹೋಗಿತ್ತು. ಗೆಳೆಯ ಲುಡ್ವಿಕ್ ಬೇರೆ ಬಾಗಿಲಲ್ಲಿ ನಿಂತು ಅವಸರಿಸುತ್ತಿದ್ದ.

ಮೂವತ್ತೇಳು ವರ್ಷಗಳಿಂದ ಬೋಗುಮಿಲ್ ಇದನ್ನೇ ಕೇಳಿಕೊಳ್ಳುತ್ತ ಬಂದಿದ್ದ. ಇಂದು ಉತ್ತರ ಅವನ ಮೊಣಕಾಲ ಮುಂದೆ, ತುಕ್ಕು ಹಿಡಿದ ಬ್ರೇಕ್ ಡ್ರಮ್ಮಿನ ಒಳಗಿತ್ತು.

ಗಾಡಿ ಲುಡ್ವಿಕ್‌ನದು, ಗೂನುಬೆನ್ನಿನ ಹಳೆಯ ವಾರ್ಶಾವಾ ಕಾರು. ಹೊಳೆಯಿಂದ ಎತ್ತಿ ತಂದ ಮೇಲೆ ಲುಡ್ವಿಕ್‌ನ ಹೆಂಡತಿ ಅದನ್ನು ಹುಲ್ಲಿನ ಕೊಟ್ಟಿಗೆಗೆ ತಳ್ಳಿಸಿ ಬಾಗಿಲು ಹಾಕಿದ್ದಳು. ಕಳೆದ ಚಳಿಗಾಲದಲ್ಲಿ ಅವಳು ಸಾಯುವವರೆಗೂ ಆ ಬಾಗಿಲು ತೆರೆಯಲಿಲ್ಲ. ಮಗಳು ಯೋವಿತಾ ಈಗ ಅದನ್ನು ಕ್ರಾಕೋವ್‌ನ ಯಾರಿಗೋ ಮಾರಿದ್ದಾಳೆ. ಮೂರು ಚಕ್ರ ತಿರುಗುತ್ತವೆ, ಹಿಂದಿನ ಎಡಚಕ್ರ ಮಾತ್ರ ಅಲುಗುವುದಿಲ್ಲ. ಮಧ್ಯಾಹ್ನ ಟ್ರೇಲರ್ ಬರುವುದರೊಳಗೆ ಅದನ್ನು ಬಿಡಿಸಬೇಕು. ಈ ಗಾಡಿಯ ಚಕ್ರದ ನಡುವಿನ ಹಬ್ ಎಳೆದು ತೆಗೆಯುವ ಪುಲ್ಲರ್ ಇಡೀ ಕಣಿವೆಯಲ್ಲಿ ಉಳಿದಿದ್ದು ಬೋಗುಮಿಲ್ ಒಬ್ಬನ ಹತ್ತಿರ. ಆಗುವುದಿಲ್ಲ ಎನ್ನಲು ಅವನಿಗೆ ನೆಪ ಸಿಕ್ಕಿರಲಿಲ್ಲ.

ಆಕ್ಸಲಿನ ತುದಿಯ ನಟ್ಟನ್ನು ಸಡಿಲಿಸಿದ, ಆದರೆ ಪೂರ್ತಿ ಬಿಚ್ಚಲಿಲ್ಲ. ನಾಲ್ಕು ಸುತ್ತು ಹಾಗೇ ಉಳಿಸಿದ. ಪೂರ್ತಿ ಬಿಚ್ಚಿದರೆ, ಹಬ್ ಕಳಚಿದ ಗಳಿಗೆಯಲ್ಲಿ ಎದುರಿಗಿದ್ದವನ ಎದೆಗೇ ಬಂದು ಬಡಿಯುತ್ತದೆ. ಪುಲ್ಲರಿನ ಕಾಲುಗಳನ್ನು ಚಕ್ರದ ಬೋಲ್ಟುಗಳಿಗೆ ಬಿಗಿದು, ನಡುವಿನ ತಿರುಪನ್ನು ಉದ್ದನೆಯ ಕೊಳವೆ ಹಾಕಿ ತಿರುಗಿಸಿದ. ತಿರುಪು ಕಿರುಗುಟ್ಟಿತು. ಹಬ್ ಅಲುಗಲಿಲ್ಲ. ಒಳಗಿನಿಂದ ಯಾರೋ ಎರಡೂ ಕೈಯಲ್ಲಿ ತಬ್ಬಿ ಹಿಡಿದಂತಿತ್ತು.

"ಏನೋ ಮುದುಕಾ, ಹಲ್ಲು ಕೀಳ್ತಿದೀಯೋ, ಮುದ್ದು ಮಾಡ್ತಿದೀಯೋ?" ಪಕ್ಕದ ಮನೆಯ ಗೆರ್ವಾಜಿ ಕೊಳವೆಯ ತುದಿಗೆ ಕೈ ಕೊಡುತ್ತ ಕೇಳಿದ.

"ಬಾಯಿ ಮುಚ್ಕೊಂಡು ಒತ್ತು."

"ಒತ್ತುತ್ತಾನೇ ಇದೀನಲ್ಲಪ್ಪ. ಯಜಮಾನನ ಥರಾನೇ ಗಾಡೀನೂ. ಇನ್ನೂ ಮತ್ತು ಇಳಿದಿಲ್ಲ."

ನಗಲು ಹೊರಟ ಗೆರ್ವಾಜಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಯೋವಿತಾಳನ್ನು ನೋಡಿ ತುಟಿ ಕಚ್ಚಿಕೊಂಡ.

"ಹೇಳಿ ಪರವಾಗಿಲ್ಲ," ಅಂದಳು ಅವಳು. "ಶಾಲೇಲಿ ಇದಕ್ಕಿಂತ ಚೆನ್ನಾಗಿ ಹೇಳ್ತಿದ್ರು."

ಬೋಗುಮಿಲ್ ತಲೆಯೆತ್ತಲಿಲ್ಲ. ಗ್ಯಾಸ್ ಬರ್ನರ್ ಹಚ್ಚಿ ಹಬ್‌ನ ಸುತ್ತ ಬೆಂಕಿ ಆಡಿಸಿದ. ಸುಟ್ಟ ಎಣ್ಣೆಯ ವಾಸನೆ ಎದ್ದಿತು. ಅಂದಿನದೇ ಎಣ್ಣೆ.

ಸೈನಿಕರು ಬೀದಿಗಿಳಿದಿದ್ದ ವರ್ಷ ಅದು. ಅಂಗಡಿಯಲ್ಲಿ ಆಯಿಲ್ ಸೀಲ್ ಹೋಗಲಿ, ಮೊಳೆಯೂ ಸಿಗುತ್ತಿರಲಿಲ್ಲ. ಎಲ್ಲರೂ ಹಳೆಯ ಬೂಟಿನ ಚರ್ಮ ಕತ್ತರಿಸಿ, ನೆನೆಸಿ, ಬಟ್ಟಲಿನ ಹಾಗೆ ಒತ್ತಿ ತಾವೇ ಸೀಲ್ ಮಾಡಿಕೊಳ್ಳುತ್ತಿದ್ದರು. ಬಟ್ಟಲಿನ ಬಾಯಿ ಒಳಗಿನ ಎಣ್ಣೆಯ ಕಡೆಗಿದ್ದರೆ ಎಣ್ಣೆ ಅಲ್ಲೇ ನಿಲ್ಲುತ್ತದೆ. ತಿರುಗುಮುರುಗಾದರೆ ಮೆಲ್ಲಗೆ ಜಿನುಗಿ ಬ್ರೇಕಿಗೆ ಇಳಿಯುತ್ತದೆ. ಆಮೇಲೆ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಒಂದು ಚಕ್ರ ಹಿಡಿಯುತ್ತದೆ, ಇನ್ನೊಂದು ಜಾರುತ್ತದೆ, ಗಾಡಿ ತಿರುಗಿ ಬೀಳುತ್ತದೆ.

ಬೋಗುಮಿಲ್ ಅಂಥದೇ ಸೀಲ್ ಹಾಕಿಕೊಟ್ಟ ಮೂರನೆಯ ವಾರ ಲುಡ್ವಿಕ್ ಮತ್ತೆ ಬಂದಿದ್ದ, ಕೆಲಸಕ್ಕೆ ಪ್ರತಿಯಾಗಿ ಅರ್ಧ ಲೀಟರ್ ವೋಡ್ಕಾ ಹಿಡಿದುಕೊಂಡು. "ಇಟ್ಕೊಂಡಿರೋ, ನನ್ನ ಹೆಸರಿನ ಸಂತನ ಹಬ್ಬಕ್ಕೆ ಇಬ್ರೂ ಕೂತು ಕುಡಿಯೋಣ," ಎಂದು ಬೋಗುಮಿಲ್ ಬಾಟಲಿಯನ್ನು ಮುಚ್ಚಳ ತೆಗೆಯದೆ ವಾಪಸು ಕೊಟ್ಟ. ಅರ್ಧ ಗಂಟೆಯ ನಂತರ ಸೇತುವೆಯ ತಿರುವಿನಲ್ಲಿ ಗಾಡಿ ಹೊಳೆಗೆ ಉರುಳಿತು. ಬಾಟಲಿ ಒಡೆದು ಲುಡ್ವಿಕ್‌ನ ಅಂಗಿಯೆಲ್ಲ ನಾರುತ್ತಿತ್ತು. ಪೊಲೀಸರು ಮೂಸಿ ನೋಡಿ ಬರೆದುಕೊಂಡರು, ಊರು ನಂಬಿತು. ಕುಡಿದಿರಲಿಲ್ಲ ಎಂದು ಹೇಳಿದರೆ, ಹಾಗಾದರೆ ಗಾಡಿ ಯಾಕೆ ಬಿತ್ತು ಎಂಬ ಪ್ರಶ್ನೆ ಏಳುತ್ತಿತ್ತು. ಬೋಗುಮಿಲ್ ಶವಪೆಟ್ಟಿಗೆಗೆ ಹೆಗಲು ಕೊಟ್ಟು ಸುಮ್ಮನೆ ನಡೆದಿದ್ದ. ಅಂದಿನಿಂದ ಎಷ್ಟೋ ಸಂಜೆ, ಅವನ ಮನೆಯ ಏರಿನಲ್ಲಿ, ಕೊಟ್ಟಿಗೆಯೊಳಗೆ ನಿಂತಿದ್ದ ಆ ಗಾಡಿಯೇ ಗೇರು ಬದಲಿಸುವ ಸದ್ದು ಕೇಳುತ್ತಿತ್ತು. ಅವನು ಎದ್ದು ಕಿಟಕಿಗೆ ಹೋಗುತ್ತಿರಲಿಲ್ಲ. ಹೋಗದೆ ಇರುವುದೇ ಅಭ್ಯಾಸವಾಗಿತ್ತು.

"ಸರಿದು ನಿಲ್ಲು ಮಗಳೇ," ಅಂದ. ತಿರುಪನ್ನು ಇನ್ನೊಂದು ಕಾಲು ಸುತ್ತು ಬಿಗಿದು, ಅದರ ತಲೆಗೆ ಸುತ್ತಿಗೆಯಿಂದ ಒಂದೇ ಏಟು ಹಾಕಿದ.

ಕೋವಿ ಹಾರಿದಂಥ ಸದ್ದು. ಗೆರ್ವಾಜಿ ಎದೆಯ ಮೇಲೆ ಶಿಲುಬೆ ಗೀರಿಕೊಂಡ. ಕೊಟ್ಟಿಗೆಯ ಮಾಡಿನಿಂದ ಧೂಳು ಉದುರಿತು. ಹಬ್ ಬಿಟ್ಟುಕೊಂಡು ನಟ್ಟಿಗೆ ಬಂದು ತಗುಲಿತ್ತು.

ನಟ್ಟು ಬಿಚ್ಚಿ ಡ್ರಮ್ಮನ್ನು ತಟ್ಟಿ ತಟ್ಟಿ ಎಳೆದ. ಅದು ಮಡಿಲಿಗೆ ಬಂದಾಗ ಮೊದಲು ಕಂಡದ್ದು ಬ್ರೇಕಿನ ಲೈನರುಗಳು. ತುಕ್ಕಿನ ನಡುವೆಯೂ ಕಪ್ಪಗೆ, ಜಿಡ್ಡಾಗಿ ಹೊಳೆಯುತ್ತಿದ್ದವು. ಅವುಗಳ ಹಿಂದೆ, ಆಕ್ಸಲಿನ ಸುತ್ತ, ಬೂಟಿನ ಚರ್ಮದ ಬಟ್ಟಲು. ಅದರ ಬಾಯಿ ಎಣ್ಣೆಗೆ ಬೆನ್ನು ಹಾಕಿ, ಅವನನ್ನೇ ನೋಡುತ್ತ ತೆರೆದುಕೊಂಡಿತ್ತು.

ಬೆರಳಿನಿಂದ ಅದರ ಅಂಚನ್ನು ಒಮ್ಮೆ ಸವರಿದ.

"ಏನದು ಮಾಮ?" ಯೋವಿತಾ ಹತ್ತಿರ ಬಂದು ಬಗ್ಗಿದಳು.

"ಹಳೇ ಎಣ್ಣೆ. ನಿಂತ ಗಾಡೀಲಿ ಇಳಿಯತ್ತೆ." ಚಿಮಟದಿಂದ ಚರ್ಮವನ್ನು ಕಿತ್ತು ಅಂಗೈಯಲ್ಲಿ ಮುಚ್ಚಿಕೊಂಡ.

ಚಕ್ರ ಕೂರಿಸುವ ಹೊತ್ತಿಗೆ ಗೆರ್ವಾಜಿ ಟ್ರೇಲರಿಗೆ ದಾರಿ ತೋರಿಸಲು ರಸ್ತೆಗೆ ಹೋಗಿದ್ದ. ಯೋವಿತಾ ಗಾಡಿಗೆ ಒರಗಿ ನಿಂತಳು.

"ನಾಳೆ ಸರ್ವಸಂತರ ದಿನ. ಅಮ್ಮನ ಗೋರಿಗೆ ದೀಪ ತಂದಿದೀನಿ. ಅಪ್ಪನ ಪಕ್ಕದಲ್ಲಿ ಹೂಳಬೇಡಿ ಅಂದಿದ್ಲಲ್ಲ, ಹಾಗಾಗಿ ಆ ಸಾಲಿಗೆ ಹೋಗೋ ಕೆಲಸಾನೇ ಇಲ್ಲ. ಒಂದು ಸಲಾನೂ ಹೋಗಿಲ್ಲ ನಾನು." ಗಾಡಿಯ ಧೂಳನ್ನು ಬೆರಳಲ್ಲಿ ಒರೆಸುತ್ತ ಕೇಳಿದಳು: "ಮಾಮ, ಅಪ್ಪ ಅವತ್ತು ನಿಮ್ಮನೆಯಿಂದ್ಲೇ ಅಲ್ವಾ ಹೊರಟಿದ್ದು? ಎಷ್ಟು ಕುಡಿದಿದ್ದ?"

ಬೋಗುಮಿಲ್ ಚಕ್ರವನ್ನು ಒಮ್ಮೆ ತಿರುಗಿಸಿದ. ಅದು ಸದ್ದಿಲ್ಲದೆ ತಿರುಗಿತು, ತಿರುಗುತ್ತಲೇ ಇತ್ತು.

"ತುಂಬ ವರ್ಷ ಆಯ್ತು ಮಗಳೇ. ನೆನಪಿಲ್ಲ."

ಅವಳು ತಲೆಯಾಡಿಸಿದಳು. ಈ ಉತ್ತರವನ್ನೇ ನಿರೀಕ್ಷಿಸಿದ್ದವಳ ಹಾಗೆ ಹೊರಗೆ ಹೋದಳು.

ಲುಡ್ವಿಕ್ ಅಂದು ಒಂದು ತೊಟ್ಟೂ ಕುಡಿದಿರಲಿಲ್ಲ. ಅದನ್ನು ಬೋಗುಮಿಲ್ ಅವಳಿಗೆ ಹೇಳಲಿಲ್ಲ.