ದುಡಿದವರ ಪಿಂಚಣಿಗೆ ದಲ್ಲಾಳಿ ಯಾಕೆ?

ಲಕಮನಹಳ್ಳಿಯ ಪಂಪು ಕಾರ್ಖಾನೆಯವರು 2003ರಲ್ಲಿ ಅರ್ಧಕ್ಕರ್ಧ ಕೆಲಸಗಾರರಿಗೆ ಸ್ವಯಂ ನಿವೃತ್ತಿ ಕೊಟ್ಟರು. ಹೆಸರಿಗಷ್ಟೇ ಸ್ವಯಂ. ಮನಸ್ಸಿದ್ದು ಕೆಲಸ ಬಿಟ್ಟವರು ಯಾರೂ ಇರಲಿಲ್ಲ. ಲೇತ್ ಮಷಿನ್ನಿನ ರಾಮಪ್ಪನೂ ಹಾಗೆಯೇ ಹೊರಬಿದ್ದ. ಇಪ್ಪತ್ತು ವರ್ಷಕ್ಕೂ ಮೇಲೆ ದುಡಿದಿದ್ದ ಅವನಿಗೆ ಆಗ ವಯಸ್ಸು ಐವತ್ತೆರಡು.

ಮನೆಗೆ ಬಂದವನೇ ಹೆಂಡತಿ ಉಡಚವ್ವನಿಗೆ ಹೇಳಿದ:

"ಗೇಟಿನ ಮುಂದ ಚಾದಂಗಡ್ಯಾಗ ಒಬ್ಬ ಏಜೆಂಟ್ ಕುಂತಾನ. ಐವತ್ತೆಂಟು ತುಂಬೂಕಿಂತ ಮೊದಲ ಬಿಟ್ಟವರಿಗೆ ಪಿಂಚಣಿ ಸಿಗಂಗಿಲ್ಲಂತ. ಪಿ.ಎಫ್. ಅಷ್ಟ ತೆಗಿಸಿಕೊಡ್ತಾನಂತ. ಬಂದದ್ದರಾಗ ಐದರಾಗ ಒಂದು ಪಾಲು ಅವಗ. ನಾಳೆ ಅವನ ಹಾಳಿ ಮ್ಯಾಲೆ ಸಹಿ ಮಾಡ್ತೇನಿ."

"ಅದರಾಗ ಏನು ಬರದಾನ?"

"ಏನೂ ಬರದಿಲ್ಲ. ಆಮ್ಯಾಲೆ ತುಂಬ್ತಾನಂತ."

ರೊಟ್ಟಿ ಬಡಿಯುತ್ತಿದ್ದ ಉಡಚವ್ವನ ಕೈ ನಿಂತಿತು. "ಖಾಲಿ ಹಾಳಿ ಮ್ಯಾಲೆ ಸಹಿ? ನಿಮಗೇನು ಬುದ್ಧಿ ಐತೋ ಇಲ್ಲೋ? ಬೆವರು ನಿಮ್ಮದು, ಪಾಲು ಅವಂದಾ?"

ಅವಳು ಹಿಟ್ಟಿನ ಕೈಯಲ್ಲೇ ಪಕ್ಕದ ಮನೆಗೆ ಹೋಗಿ ಮದೀನಾಬಿಯನ್ನು ಕರೆತಂದಳು. ಮದೀನಾಬಿಯ ಗಂಡ ರಸೂಲಸಾಬ ಅದೇ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾಗಲೇ ತೀರಿಕೊಂಡಿದ್ದ.

ವಿಷಯ ಕೇಳಿ ಮದೀನಾಬಿಯ ಮುಖ ಕೆಂಪಾಯಿತು. "ನಮ್ಮ ಮನಿಯವರು ಹೋದಾಗ ನನ್ನ ಹಂತ್ಯಾಕೂ ಇಂಥವನ ಒಬ್ಬ ಬಂದಿದ್ದ. ಮಣ್ಣು ಮಾಡಿ ಬಂದು ಇನ್ನಾ ಕಣ್ಣೀರು ಆರಿರಲಿಲ್ಲ, ಪಾಲು ಕೇಳಿದ! ನಾ ಸೀದಾ ನವನಗರದ ಪಿ.ಎಫ್. ಆಫೀಸಿಗೆ ಹೋದೆ. ಈಗ ತಿಂಗಳಾ ತಿಂಗಳಾ ನನಗ ಪಿಂಚಣಿ ಬರ್ತೈತಿ."

"ನಿಂದು ಬ್ಯಾರೆ ಐತಿ ತಂಗಿ," ಎಂದ ರಾಮಪ್ಪ. "ನಾ ವಯಸ್ಸಾಗೂಕಿಂತ ಮೊದಲ ಬಿಟ್ಟಾಂವ."

"ಹೌದೋ ಅಲ್ಲೋ ಆಫೀಸಿನವರನ್ನ ಕೇಳೂಣು ಬರ್ರಿ ಅಣ್ಣಾ."

ಮರುದಿನ ಮೂವರೂ ಬಸ್ಸು ಹತ್ತಿ ನವನಗರಕ್ಕೆ ಹೋದರು. ವಿಚಾರಣೆಯ ಕಿಟಕಿಯಲ್ಲಿದ್ದ ಸುಮಲತಾ ಮೇಡಂ ಸಮಾಧಾನದಿಂದ ಹೇಳಿದರು: "ಸ್ವಯಂ ನಿವೃತ್ತಿ ತಗೊಂಡವರಿಗೆ ಪಿ.ಎಫ್. ಪೂರಾ ಬರ್ತೈತ್ರಿ. ಹತ್ತು ವರ್ಷ ಸರ್ವಿಸ್ ಆಗಿದ್ರ ಪಿಂಚಣಿನೂ ನಿಮ್ಮ ಹಕ್ಕು, ಅದನ್ನ ಯಾರೂ ಕಸಗೊಳ್ಳಾಕ ಬರೂದಿಲ್ಲ. ಐವತ್ತು ದಾಟಿದ ಮ್ಯಾಲೆ ಯಾವಾಗ ಬೇಕಾದ್ರೂ ಚಾಲೂ ಮಾಡಬಹುದು. ಆದ್ರ ಐವತ್ತೆಂಟಕ್ಕ ಎಷ್ಟು ವರ್ಷ ಕಡಿಮಿ ಇರ್ತೈತೋ ಅಷ್ಟು ಕಡಿತ ಆಗ್ತೈತಿ. ಆ ಕಡಿತ ಸಾಯೂತನಕ ಹಂಗ ಇರ್ತೈತಿ. ತಡಕೊಂಡ್ರ ಪೂರಾ ಸಿಗ್ತೈತಿ."

"ಇದಕ್ಕ ಫೀ ಎಷ್ಟ್ರಿ?" ಎಂದು ರಾಮಪ್ಪ ಕೇಳಿದ.

"ಏನೂ ಇಲ್ಲರೀ."

ರಾಮಪ್ಪ ಕೆಂಡವಾದ. ಜೊತೆಗಾರ ಉಳವಪ್ಪ ಆಗಲೇ ಸಹಿ ಹಾಕಿ ಕೊಟ್ಟಿದ್ದು ಅವನಿಗೆ ನೆನಪಾಯಿತು. ಉಳವಪ್ಪನನ್ನು ಕರೆದುಕೊಂಡು ಎಲ್ಲರೂ ನೇರವಾಗಿ ಚಹಾದಂಗಡಿಗೆ ಹೋದರು. ಅಲ್ಲಿ ಇನ್ನಷ್ಟು ಕೆಲಸಗಾರರು ಸಹಿ ಮಾಡಲು ಸಾಲಾಗಿ ನಿಂತಿದ್ದರು.

"ಉಳವಪ್ಪನ ಹಾಳಿ ಕೊಡು," ಎಂದ ರಾಮಪ್ಪ.

"ಅವರು ಒಪ್ಪಿ ಕೊಟ್ಟಾರ. ನಿಮಗೇನು ಸಂಬಂಧ?" ಎಂದು ದಲ್ಲಾಳಿ ನಕ್ಕ.

"ಸುಳ್ಳು ಹೇಳಿ ಒಪ್ಪಿಸೀದಿ!" ಉಡಚವ್ವನ ದನಿ ಕಾರ್ಖಾನೆಯ ಗೇಟಿನವರೆಗೂ ಕೇಳಿಸಿತು. "ಕೆಲಸ ಹೋಗಿ ಎದಿ ಒಡದು ನಿಂತವರ ಕಡೆ ಪಾಲು ಕೇಳ್ತೀ? ನಾಚಿಕಿ ಆಗಂಗಿಲ್ಲೇನು ನಿನಗ? ಪೊಲೀಸ್ ಠಾಣೆಗೆ ಹೋಗೂಣೇನು? ನಡಿ!"

ಸಾಲಿನಲ್ಲಿ ನಿಂತವರೆಲ್ಲ ಅವನನ್ನು ಸುತ್ತುವರಿದರು. ದಲ್ಲಾಳಿಯ ನಗೆ ಇಂಗಿಹೋಯಿತು. ತೆಗೆದುಕೊಂಡಿದ್ದ ಕಾಗದಗಳನ್ನೆಲ್ಲ ವಾಪಸು ಕೊಟ್ಟ. ಉಳವಪ್ಪ ತನ್ನದನ್ನು ಅಲ್ಲೇ ಹರಿದು ಒಲೆಗೆ ಹಾಕಿದ.

ರಾಮಪ್ಪನ ಪಿ.ಎಫ್. ಒಂದು ಪೈಸೆಯೂ ಸೋರದೆ ಅವನ ಖಾತೆಗೆ ಬಂತು. ಪಿಂಚಣಿಯನ್ನು ಈಗಲೇ ಚಾಲೂ ಮಾಡುವುದು ಬೇಡ, ಐವತ್ತೆಂಟು ತುಂಬಲಿ ಎಂದು ಗಂಡಹೆಂಡತಿ ಕೂತು ಮಾತಾಡಿಕೊಂಡರು. ಅಲ್ಲಿಯವರೆಗೆ ಅವನು ಗೋಪನಕೊಪ್ಪದ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಹಿಡಿದ. "ಕೈಕಾಲು ಗಟ್ಟಿ ಅದಾವು. ಮುದಕಾದ ಮ್ಯಾಲೆ ಪೂರಾ ತಿನ್ನೂಣಂತ," ಎಂದ.

ಕೆಲಸ ಬಿಟ್ಟ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಪಿ.ಎಫ್. ಯಾರೋ ಕೊಡುವ ಭಿಕ್ಷೆಯಲ್ಲ, ನೀವು ದುಡಿದದ್ದು. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ನಿಯಮ ತಿಳಿಯದಿದ್ದರೆ ಪಿ.ಎಫ್. ಕಚೇರಿಗೇ ಹೋಗಿ ಕೇಳಿ. ಹೋಗುವಾಗ ಮನೆಯವರನ್ನೂ ಕರೆದುಕೊಂಡು ಹೋಗಿ, ಆ ಹಕ್ಕು ಅವರದೂ ಹೌದು.