ಎಚ್ಚರಿಕೆಯ ಗೆರೆ

ಹಟ್ ಕಣಿವೆಯ ನಮ್ಮ ಪ್ರಯೋಗಶಾಲೆಯಲ್ಲಿ ಆ ಸುರುಳಿಯನ್ನು ಸುತ್ತಿದವಳು ನಾನೇ. ತಡೆಯಿಲ್ಲದೆ ವಿದ್ಯುತ್ ಹರಿಸುವ ಈ ಅತಿವಾಹಕ ತಂತಿ ದಾರದಂತಲ್ಲ, ರಿಬ್ಬನ್ನಿನಂತೆ ಚಪ್ಪಟೆ. ಅದನ್ನು ಮಾಡುತ್ತಿದ್ದ ಕಾರ್ಖಾನೆ ಮುಚ್ಚಿಹೋಗಿ, ಉಳಿದಿದ್ದ ಕೊನೆಯ ಉರುಳೆಯೆಲ್ಲ ಈ ಸುರುಳಿಗೇ ಹೋಗಿತ್ತು. ಸುರುಳಿ ಪೂರ್ತಿ ವಿದ್ಯುತ್ತನ್ನು ತಾಳಿಕೊಂಡರೆ ಎಂಜಿನಿಯರ್ ಇಹಾಯನ ಇಷ್ಟು ವರ್ಷದ ಕೆಲಸ ಉಳಿಯುತ್ತಿತ್ತು. ಇಲ್ಲವೆಂದರೆ ಅಲ್ಲಿಗೇ ಮುಗಿಯಿತು.

ದ್ರವ ಸಾರಜನಕದಲ್ಲಿ ತಣ್ಣಗಿರುವ ತನಕ ಈ ತಂತಿಯಲ್ಲಿ ವೋಲ್ಟೇಜೆಂಬುದು ಇಲ್ಲವೆನ್ನುವಷ್ಟು ಕಡಿಮೆ. ಎಲ್ಲಾದರೂ ಬಿಸಿಯಾದರೆ ಮಾತ್ರ ಕೊಂಚ ತಲೆಯೆತ್ತುತ್ತದೆ. ಹಳೆಯ ತರದ ತಂತಿಯಲ್ಲಾದರೆ ಬಿಸಿ ಬೇಗ ಹರಡಿ ಊರಿಗೆಲ್ಲ ಗೊತ್ತಾಗುತ್ತಿತ್ತು. ಇದರಲ್ಲಿ ಅದು ಹುಟ್ಟಿದ ಜಾಗದಲ್ಲೇ ಕೂತು ಬೇಯುತ್ತದೆ. ಅದಕ್ಕೇ ಎಚ್ಚರಿಕೆಯ ಗೆರೆಯನ್ನು ಬಹಳ ಕೆಳಗಿಟ್ಟಿದ್ದೆವು. ವೋಲ್ಟೇಜ್ ಅದನ್ನು ದಾಟಿದೊಡನೆ ಯಂತ್ರ ತಾನೇ ವಿದ್ಯುತ್ ಕಡಿಯಬೇಕು.

ಆದರೆ ಪಕ್ಕದ ಶೆಡ್ಡಿನ ಕ್ರೇನು ಅಲುಗಿದರೂ, ಅದರ ಮೋಟಾರಿನ ವಿದ್ಯುತ್ ಗದ್ದಲವನ್ನೇ ಬಿಸಿಯೆಂದು ತಿಳಿದು ಯಂತ್ರ ಕಡಿಯುತ್ತಿತ್ತು. ಆ ಬೆಳಿಗ್ಗೆ ಮತ್ತೆ ಕಡಿದಾಗ ಇಹಾಯ ಕೈಯಲ್ಲಿದ್ದ ಮಾಂಸದ ಪೈಯನ್ನು ಮೇಜಿನ ಮೇಲೆ ಕುಕ್ಕಿದ.

“ಇದೇನ್ ಸುರುಳಿನೋ ಹಸುಗೂಸೋ, ಆಂಟಿ? ಯಾರ್ ಕೆಮ್ಮಿದ್ರೂ ಅಳುತ್ತಲ್ಲ!”

“ಅಳುತ್ತೆ ಅಂತ ಕೂಸಿನ ಬಾಯಿಗೆ ಬಟ್ಟೆ ತುರುಕ್ತಾರೇನೋ, ಮಗಾ? ಕ್ರೇನಿನವ್ರು ಊಟಕ್ ಹೋಗ್ಲಿ, ತಡಿ.”

“ನಿಮಗೇನು, ಚರ್ಚಲ್ಲಿ ಕೂತು ಕಾದು ಅಭ್ಯಾಸ. ದುಡ್ಡು ಕೊಡೋರು ನೋಡೋಕ್ ಬಂದು ಬಾಗಿಲಲ್ಲಿ ನಿಂತಿದಾರೆ.”

ಗೆರೆಯನ್ನು ಮೇಲಕ್ಕೇರಿಸಿದ.

ವಿದ್ಯುತ್ ಏರಿತು. ಕ್ರೇನು ಓಡಾಡಿತು, ಯಂತ್ರ ಸುಮ್ಮನಿತ್ತು. ಬಂದವರು ಚಪ್ಪಾಳೆ ತಟ್ಟಿದರು. ಇಹಾಯ ನನ್ನತ್ತ ಹುಬ್ಬು ಹಾರಿಸಿದ, ಗೆದ್ದೆವು ಎನ್ನುವ ಹಾಗೆ. ಸ್ವಲ್ಪ ಹೊತ್ತಿಗೆ ಸುರುಳಿ ಮುಳುಗಿಸಿಟ್ಟ ಸಾರಜನಕದ ತೊಟ್ಟಿಯೊಳಗೆ ಟಪ್ ಎಂದಿತು.

ಎಲ್ಲರೂ ಹೋದ ಮೇಲೆ, ಸುತ್ತುಗಳನ್ನು ಹಿಡಿದಿಟ್ಟಿದ್ದ ಮೇಣ ಕರಗಿಸಿ ನಾವಿಬ್ಬರೇ ಸುರುಳಿ ಬಿಚ್ಚಿದೆವು. ಒಳಸುತ್ತಿನಲ್ಲಿ ಉಗುರಗಲದ ಕಪ್ಪು ತೂತು. ಸುತ್ತಲಿನ ಪದರಗಳು ಕರಗಿ ಒಂದಕ್ಕೊಂದು ಅಂಟಿದ್ದವು. ಬೆಸುಗೆಗೆ ಒದಗುವ ಹಾಗಿರಲಿಲ್ಲ.

“ಹಳೇ ಗೆರೆ ಇದ್ದಿದ್ರೆ ಉಳೀತಿತ್ತಾ, ಆಂಟಿ?”

ಸುಳ್ಳು ಹೇಳುವಂತಿರಲಿಲ್ಲ. ಆಮೇಲೆ ಪರದೆಯ ಮೇಲೆ ದಾಖಲೆಯನ್ನು ಅವನೇ ನೋಡಿದ್ದ. ವೋಲ್ಟೇಜ್ ಹಳೆಯ ಗೆರೆಯನ್ನು ಆಗಲೇ ದಾಟಿ, ಹೊಸ ಗೆರೆಯ ಕೆಳಗೆ ಮೆಲ್ಲಗೆ ಏರುತ್ತಲೇ ಇತ್ತು. ನಾವಾಗ ಚಪ್ಪಾಳೆ ಕೇಳುತ್ತಿದ್ದೆವು.

“ಉಳೀತಿತ್ತು ಮಗಾ.”

ಅವನು ತಲೆಯಾಡಿಸಿದ. ಬಿಚ್ಚಿದ ರಿಬ್ಬನ್ನು ನೆಲದ ತುಂಬ ಹೊಳೆಯುತ್ತ ಬಿದ್ದಿತ್ತು.

“ಏಳು, ಮನೆಗ್ ಹೋಗು” ಎಂದೆ.

“ಹೋಗಿ ಏನ್ ಮಾಡ್ಲಿ?” ಎಂದ.