ತಳದಲ್ಲಿ ಫೋಮ್ ಇಲ್ಲದ ಜಾಗ

ಬೆನ್ನು ಕೆಟ್ಟು ಉಲ್ಬಿಯೊ ಮನೆ ಹಿಡಿದ ಮೇಲೆ ದೋಣಿ ನಡೆಸುತ್ತಿದ್ದವಳು ಅವನ ಹೆಂಡತಿ ನಾರ್ಸಿಸಾ. ಬಿಸಿಲಿನ ತಿಂಗಳುಗಳಲ್ಲಿ ಅವಳಿಗೆ ತೊಂದರೆ ಇರಲಿಲ್ಲ. ಇಗರ್ಜಿಯ ಗೋಪುರ ಬೋಳುಗುಡ್ಡದ ನೇರಕ್ಕೆ, ದ್ವೀಪದ ಮೂತಿ ಬಲಗೈಗೆ ಬಂದರೆ ಗಂಡ ತೋರಿಸಿಕೊಟ್ಟ ನೀರಡಿಯ ಬಂಡೆ ದೋಣಿಯ ಕೆಳಗೇ ಇರುತ್ತಿತ್ತು. ಬಂಡೆಯ ಸುತ್ತ ಮೀನು. ಜುಲೈನಲ್ಲಿ ಗರೂವಾ ಇಳಿಯಿತು. ಆ ತುಂತುರು ಮಂಜಿನಲ್ಲಿ ಗುಡ್ಡವೂ ಇಲ್ಲ, ಗೋಪುರವೂ ಇಲ್ಲ. ಮೂರು ವಾರ ಬರಿಗೈಯಲ್ಲಿ ಬಂದಳು. ಇನ್ನೂ ಹೀಗೇ ಆದರೆ ದೋಣಿಯನ್ನು ಬೇರೆಯವರಿಗೆ ಒಪ್ಪಿಸುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದಳು.

ಅಷ್ಟರಲ್ಲಿ ಮಾಂತಾ ಪಟ್ಟಣದಿಂದ ಅವಳ ತಮ್ಮ ತನ್ನ ಹಳೆಯ ಫಿಶ್ ಫೈಂಡರ್ ಕಳಿಸಿದ. ಪರದೆ, ತಂತಿ, ತಂತಿಯ ತುದಿಗೆ ಅಂಗೈಯಗಲದ ಕರಿ ಬಿಲ್ಲೆ. ನೀರಿನೊಳಕ್ಕೆ ಸದ್ದು ಕಳಿಸಿ, ಕಡಲ ತಳಕ್ಕೆ ಬಡಿದು ಮರಳಿದ್ದನ್ನು ಹಿಡಿಯುವುದು ಆ ಬಿಲ್ಲೆಯ ಕೆಲಸ. ಅದನ್ನು ಎಲ್ಲಿ ಕೂರಿಸುವುದು ಎಂಬುದೇ ಸಮಸ್ಯೆ. ದಿನಾ ದೋಣಿಯನ್ನು ಮರದ ದಿಂಡುಗಳ ಮೇಲೆ ಉರುಳಿಸಿ ದಡಕ್ಕೆ ಎಳೆಯುವ ಊರಿದು. ಹಿಂಬದಿಗೆ ಹೊರಗೆ ತೂಗುಹಾಕಿದರೆ ಮೊದಲ ದಿನವೇ ಮುರಿಯುತ್ತದೆ. ತಳಕ್ಕೆ ತೂತು ಕೊರೆಯಲು ಅವಳಿಗೆ ಧೈರ್ಯವಿಲ್ಲ. ಉಳಿದಿದ್ದು ಒಳಗಿನಿಂದಲೇ ಅಂಟಿಸುವುದು.

ದೋಣಿಯನ್ನು ನೀರಿನಲ್ಲಿ ನಿಲ್ಲಿಸಿ, ಬಿಲ್ಲೆಯನ್ನು ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ತಳದ ಒಳಮೈಗೆ ಒತ್ತಿ ನೋಡಿದಳು. ಪರದೆ ಖಾಲಿ. ಜಾಗ ಬದಲಿಸಿದಳು. ಆಗಲೂ ಖಾಲಿ.

"ತೂತೇ ಹೊಡಿ," ದಡದಲ್ಲಿ ಕುರ್ಚಿ ಹಾಕಿ ಸುಟ್ಟ ಬಾಳೆಕಾಯಿ ತಿನ್ನುತ್ತಾ ಕೂತಿದ್ದ ಉಲ್ಬಿಯೊ ಕೂಗಿದ. "ಮೀನು ತಾವಾಗೇ ಒಳಗ್ ಬರ್ತವೆ. ಬಲೆನೂ ಬೇಡ."

"ಬಾಯಿ ಮುಚ್ಕೊಂಡ್ ಬಾಳೆಕಾಯಿ ತಿನ್ನು."

ದೋಣಿ ಕಟ್ಟಿದ್ದ ಮುದುಕ ದೋನ್ ಹಸಿಂತೊಗೆ ಹೇಳಿ ಕಳಿಸಿದಳು. ಆತ ಪುಟ್ಟ ತೆಪ್ಪದಲ್ಲಿ ಬಂದು ದೋಣಿ ಹತ್ತಿ, ಪರದೆ ನೋಡಿ ತಲೆಯಾಡಿಸಿದ.

"ತಳದ ಎರಡು ಫೈಬರ್ ಪದರದ ನಡುವೆ ಫೋಮ್ ಇದೆ ತಾಯಿ. ಫೋಮ್ ಸದ್ದು ನುಂಗುತ್ತೆ."

"ಹಾಗಾದ್ರೆ ಇದು ಆಗೋದಿಲ್ವಾ, ದೋನ್ ಹಸಿಂತೊ?"

"ಒಂದ್ ಕಡೆ ಫೋಮ್ ಇಲ್ಲ. ಎಲ್ಲಿ ಅಂತ ಹುಡುಕ್ಬೇಕು."

ಚಾಕುವಿನ ಹಿಡಿಯಿಂದ ಹಿಂಭಾಗವನ್ನು ತಟ್ಟುತ್ತಾ ಹೋದ. ದಬ್, ದಬ್. ಎಂಜಿನ್ನಿನ ಬಲಕ್ಕೆ, ಹಲಗೆಯ ಕೆಳಗೆ, ಟಕ್ ಎಂದಿತು. ನಾರ್ಸಿಸಾ ಚೀಲ ಅಲ್ಲಿಗೆ ಒತ್ತಿದಳು. ಪರದೆಯಲ್ಲಿ ಮೂರು ಮೀಟರ್ ಮೂಡಿತು. ಲಂಗರಿನ ಹಗ್ಗ ಇಳಿಸಿ ಅಳೆದಳು. ಮೂರೇ.

"ಇಲ್ಲಿ ಯಾಕೆ ಬಿಟ್ರಿ?"

"ನಾನೆಲ್ಲಿ ಬಿಟ್ಟೆ? ನಿನ್ ಗಂಡ. ರೆಸಿನ್ ಹಚ್ಚೋ ಮುಂಚೆ ಬಂದು ಇಷ್ಟಗಲ ಫೋಮ್ ಕಿತ್ತಾಕ್ದ. ಮುಂದೊಂದಿನ ಯಂತ್ರ ಹಾಕ್ಬೇಕು ಅಂದ. ನಾನು ಬೈದೆ. ನಗ್ತಿದ್ದ, ಕತ್ತೆ."

ನಾರ್ಸಿಸಾ ದಡದತ್ತ ತಿರುಗಿದಳು. ಉಲ್ಬಿಯೊ ಬಾಳೆಕಾಯಿಯ ಸಿಪ್ಪೆಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದ.

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ನನಗೋಸ್ಕರ ಬಿಟ್ಕೊಂಡಿದ್ದು," ಎಂದ ಅವನು. ಸಿಪ್ಪೆ ಎಸೆದು, "ಗುಳ್ಳೆ ಬರದ ಹಾಗೆ ಅಂಟಿಸು. ಒಂದು ಗುಳ್ಳೆ ಇದ್ರೂ ಕುರುಡಾಗುತ್ತೆ," ಎಂದ.

ಅವಳು ಜಗಳ ತೆಗೆಯಲಿಲ್ಲ. ದೋಣಿಯನ್ನು ದಡಕ್ಕೆ ಎಳೆಸಿದಳು. ಆ ಜಾಗವನ್ನು ಉಪ್ಪುಕಾಗದದಿಂದ ತಿಕ್ಕಿ, ಒರೆಸಿ, ಅಂಟು ಹಚ್ಚಿ, ಬಿಲ್ಲೆಯನ್ನು ಮೆಲ್ಲಗೆ ತಿರುಗಿಸುತ್ತಾ ಒತ್ತಿದಳು. ಅಂಟು ಗಟ್ಟಿಯಾಗುವವರೆಗೂ ಉಲ್ಬಿಯೊ ಕುರ್ಚಿಯನ್ನು ದೋಣಿಯ ಪಕ್ಕಕ್ಕೆ ಎಳೆದುಕೊಂಡು ಕಾವಲು ಕೂತ.

ಮರುದಿನ ಬೆಳಿಗ್ಗೆ ಮಂಜು ಇನ್ನೂ ದಟ್ಟವಾಗಿತ್ತು. ದಿಕ್ಸೂಚಿ ಹಿಡಿದು ಹೋದವಳು ಪರದೆಯ ಮೇಲಿನ ಸಪಾಟು ಗೆರೆ ಏಳುವವರೆಗೂ ನಿಧಾನವಾಗಿ ಸುತ್ತಿದಳು. ಗೆರೆ ಗುಡ್ಡದಂತೆ ಎದ್ದಿತು. ಅದರ ಹೆಗಲ ಮೇಲೆ ಚುಕ್ಕೆಗಳ ಮೋಡ. ಅವಳು ಬಲೆ ಬಿಡುವ ಮುನ್ನ ಬಗ್ಗಿ, ಎಂಜಿನ್ ಪಕ್ಕದ ಹಲಗೆಯ ಕೆಳಗೆ ಒಮ್ಮೆ ಕೈಯಾಡಿಸಿದಳು.

ಮಧ್ಯಾಹ್ನ ದೋಣಿ ತುಂಬಿ ಬಂದಾಗ ಉಲ್ಬಿಯೊ ನೀರಿನ ಅಂಚಿನಲ್ಲೇ ನಿಂತಿದ್ದ.

"ಬಂಡೆ ಎಷ್ಟು ಆಳ ತೋರಿಸ್ತು?"

"ಮೂವತ್ತೆಂಟು ಮೀಟರ್."

ಅವನು ಮಾರಿನ ಲೆಕ್ಕಕ್ಕೆ ತುಟಿಯಲ್ಲೇ ಭಾಗಿಸಿದ. ತಾನು ಹಿಂದೆ ಹಗ್ಗ ಇಳಿಸಿ ಅಳೆದಿದ್ದಕ್ಕೆ ಸರಿಹೋಯಿತು; ಮುಖ ಅರಳಿತು.

ನಾರ್ಸಿಸಾ ಎಲ್ಲಕ್ಕಿಂತ ದೊಡ್ಡ ಮೀನನ್ನು ಕಿವಿರು ಹಿಡಿದೆತ್ತಿದಳು. "ಇದು ದೋನ್ ಹಸಿಂತೊಗೆ." ಎರಡನೆಯದನ್ನು ಎತ್ತಿದಳು. "ಇದರ ತಲೆ ನಿನ್ನ ಸಾರಿಗೆ. ನಾಳೆ ನೀನೂ ದೋಣಿ ಹತ್ತು. ಬೆನ್ನಿಗೆ ದಿಂಬು ಹಾಕ್ತೀನಿ."

"ನಿನ್ನ ಯಂತ್ರ ಇದೆಯಲ್ಲ, ನಾನ್ಯಾಕೆ?"

"ಪರದೆ ನೋಡ್ಕೊಂಡು ಬಲೆ ಎಳೆಯೋಕಾಗಲ್ಲ. ಒಬ್ಬರು ನೋಡ್ಬೇಕು."